ಮಿಷಿಗನ್ ಸ್ಟೇಟ್ ತಂಡದಲ್ಲಿ ಮ್ಯಾಜಿಕ್ ಜಾನ್ಸನ್ (1977–79)

ಅರ್ವಿನ್ "ಮ್ಯಾಜಿಕ್" ಜಾನ್ಸನ್ (ಜನನ: 14 ಆಗಸ್ಟ್ 1959) ಅಮೆರಿಕದ ಪ್ರಸಿದ್ಧ ಬ್ಯಾಸ್ಕೆಟ್‌ಬಾಲ್ ಆಟಗಾರರಲ್ಲಿ ಒಬ್ಬರು. ಲಾಸ್ ಏಂಜಲೀಸ್ ಲೇಕರ್ಸ್ ತಂಡದ ಆಟಗಾರರಾಗಿ ಅವರು ಜಗತ್ಪ್ರಸಿದ್ಧರಾಗುವ ಮೊದಲು, 1977ರಿಂದ 1979ರವರೆಗೆ ಎರಡು ಋತುಗಳ ಕಾಲ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಪುರುಷರ ತಂಡಕ್ಕೆ ಪಾಯಿಂಟ್ ಗಾರ್ಡ್ ಆಗಿ ಆಡಿದರು. ಅವರು ಸೇರುವ ಹಿಂದಿನ ವರ್ಷ ಗೆಲುವಿಗಿಂತ ಸೋಲನ್ನೇ ಹೆಚ್ಚು ಕಂಡಿದ್ದ ಈ ತಂಡವು ಅವರ ಮೊದಲ ವರ್ಷದಲ್ಲಿ ಬಿಗ್ ಟೆನ್ ಕಾನ್ಫರೆನ್ಸ್ ಪ್ರಶಸ್ತಿಯನ್ನೂ ಎರಡನೆಯ ವರ್ಷದಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನೂ ಗಳಿಸಿತು. ಅವರು ತಂಡವನ್ನು ಬಿಟ್ಟ ಮರುವರ್ಷವೇ ಅದು ಮತ್ತೆ ಹಿಂದಿನ ಸ್ಥಿತಿಗೆ ಮರಳಿತು. ಈ ಲೇಖನವು ಆ ಎರಡು ವರ್ಷಗಳಿಗೆ ಸೀಮಿತವಾಗಿದೆ.

ಪಾಯಿಂಟ್ ಗಾರ್ಡ್ ಎಂಬ ಸ್ಥಾನ

ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಒಂದು ತಂಡದಿಂದ ಐವರು ಅಂಕಣದಲ್ಲಿರುತ್ತಾರೆ. ಇವರಲ್ಲಿ ಚೆಂಡನ್ನು ತನ್ನ ಅರ್ಧದಿಂದ ಎದುರಾಳಿಯ ಅರ್ಧಕ್ಕೆ ಒಯ್ದು, ಯಾವ ತಂತ್ರವನ್ನು ಹೂಡಬೇಕೆಂದು ನಿರ್ಧರಿಸಿ, ಚೆಂಡನ್ನು ತಕ್ಕವನಿಗೆ ತಲುಪಿಸುವ ಹೊಣೆ ಪಾಯಿಂಟ್ ಗಾರ್ಡ್‌ನದು. ನಾಟಕದಲ್ಲಿ ಸೂತ್ರಧಾರನಿಗೆ ಇರುವಂಥ ಕೆಲಸವಿದು ಎನ್ನಬಹುದು. ಆದರೆ ಸೂತ್ರಧಾರನಂತೆ ಇವನು ಪೀಠಿಕೆ ಹಾಡಿ ಮರೆಗೆ ಸರಿಯುವಂತಿಲ್ಲ. ಕೊನೆಯ ಗಳಿಗೆಯವರೆಗೂ ರಂಗದ ಮೇಲೆಯೇ ಇರಬೇಕು. ಒಬ್ಬ ಆಟಗಾರ ನೀಡಿದ ಪಾಸ್‌ನಿಂದ ಜೊತೆಗಾರ ನೇರವಾಗಿ ಬುಟ್ಟಿಗೆ ಚೆಂಡು ಹಾಕಿದರೆ ಪಾಸ್ ನೀಡಿದವನ ಹೆಸರಿಗೆ "ಅಸಿಸ್ಟ್" ದಾಖಲಾಗುತ್ತದೆ. ಪಾಯಿಂಟ್ ಗಾರ್ಡ್‌ನ ಬೆಲೆಯನ್ನು ಸಾಮಾನ್ಯವಾಗಿ ಈ ಸಂಖ್ಯೆಯಿಂದ ಅಳೆಯುತ್ತಾರೆ. ಅದು ಅಪೂರ್ಣ ಅಳತೆ ಎಂಬುದು ಬೇರೆ ಮಾತು.

1970ರ ದಶಕದಲ್ಲಿ ಈ ಸ್ಥಾನ ಸಾಮಾನ್ಯವಾಗಿ ತಂಡದ ಅತಿ ಕುಳ್ಳ ಆಟಗಾರನಿಗೆ ಮೀಸಲಾಗಿತ್ತು. ಎತ್ತರದವರು ಬುಟ್ಟಿಯ ಬಳಿ ನಿಲ್ಲಬೇಕು, ಚುರುಕಾದ ಚಿಕ್ಕವರು ಚೆಂಡನ್ನು ಪುಟಿಸುತ್ತ ಮುನ್ನಡೆಸಬೇಕು ಎಂಬುದು ರೂಢಿ. ಜಾನ್ಸನ್ ಅವರ ಎತ್ತರ ಸುಮಾರು 6 ಅಡಿ 8 ಅಂಗುಲ. ಅಷ್ಟು ಎತ್ತರದ ಹುಡುಗನನ್ನು ಆ ಕಾಲದ ಬಹುತೇಕ ತರಬೇತುದಾರರು ಯೋಚಿಸದೆ ಬುಟ್ಟಿಯ ಕೆಳಗೆ ನಿಲ್ಲಿಸುತ್ತಿದ್ದರು.

ಹಿನ್ನೆಲೆ

ಜಾನ್ಸನ್ ಹುಟ್ಟಿ ಬೆಳೆದದ್ದು ಮಿಷಿಗನ್ ರಾಜ್ಯದ ರಾಜಧಾನಿ ಲ್ಯಾನ್ಸಿಂಗ್‌ನಲ್ಲಿ. ತಂದೆ ಜನರಲ್ ಮೋಟರ್ಸ್ ಕಾರ್ಖಾನೆಯ ಕಾರ್ಮಿಕ; ತಾಯಿ ಶಾಲೆಯೊಂದರಲ್ಲಿ ಸ್ವಚ್ಛತಾ ಕೆಲಸ ಮಾಡುತ್ತಿದ್ದರು. ಎವೆರೆಟ್ ಪ್ರೌಢಶಾಲೆಯ ಪರವಾಗಿ ಆಡುತ್ತಿದ್ದಾಗ, 15ನೆಯ ವಯಸ್ಸಿನಲ್ಲಿ, ಒಂದೇ ಪಂದ್ಯದಲ್ಲಿ 36 ಅಂಕ, 18 ರಿಬೌಂಡ್ ಮತ್ತು 16 ಅಸಿಸ್ಟ್ ಗಳಿಸಿದರು. ಅದನ್ನು ಕಂಡ ಸ್ಥಳೀಯ ಕ್ರೀಡಾ ವರದಿಗಾರ ಫ್ರೆಡ್ ಸ್ಟೇಬ್ಲಿ ಅವರಿಗೆ "ಮ್ಯಾಜಿಕ್" ಎಂಬ ಹೆಸರಿಟ್ಟರು. ದೈವಭಕ್ತೆಯಾದ ತಾಯಿಗೆ ಈ ಹೆಸರು ಧರ್ಮಬಾಹಿರವೆನಿಸಿತ್ತು. ಹೆಸರು ಮಾತ್ರ ನಿಂತುಬಿಟ್ಟಿತು. ಪ್ರೌಢಶಾಲೆಯ ಕೊನೆಯ ವರ್ಷದಲ್ಲಿ ಪಂದ್ಯಕ್ಕೆ ಸರಾಸರಿ 28.8 ಅಂಕ, 16.8 ರಿಬೌಂಡ್ ಗಳಿಸಿ 1977ರಲ್ಲಿ ಎವೆರೆಟ್ ಶಾಲೆಗೆ ರಾಜ್ಯ ಪ್ರಶಸ್ತಿ ತಂದುಕೊಟ್ಟರು.

ದೇಶದ ದೊಡ್ಡ ದೊಡ್ಡ ಕಾಲೇಜುಗಳು ಅವರನ್ನು ಸೆಳೆಯಲು ಯತ್ನಿಸಿದವು. ಅವರು ಆರಿಸಿಕೊಂಡದ್ದು ಮನೆಯಿಂದ ಕೆಲವೇ ಮೈಲಿ ದೂರದ ಈಸ್ಟ್ ಲ್ಯಾನ್ಸಿಂಗ್‌ನಲ್ಲಿದ್ದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯವನ್ನು. ಮನೆಗೆ ಹತ್ತಿರ ಎಂಬುದಷ್ಟೇ ಕಾರಣವಲ್ಲ. ಅಲ್ಲಿನ ತರಬೇತುದಾರ ಜಡ್ ಹೀತ್‌ಕೋಟ್, ಪಾಯಿಂಟ್ ಗಾರ್ಡ್ ಸ್ಥಾನದಲ್ಲಿ ಆಡಬಹುದು ಎಂದು ಅವರಿಗೆ ಹೇಳಿದ್ದರು. ಈ ಒಂದು ಮಾತು ಮುಂದೆ ವಿಶ್ವವಿದ್ಯಾಲಯದ ಕ್ರೀಡಾ ಇತಿಹಾಸವನ್ನೇ ಬದಲಾಯಿಸಿತು. ಹೀತ್‌ಕೋಟ್ ಮೊಂಟಾನಾ ವಿಶ್ವವಿದ್ಯಾಲಯದಿಂದ 1976ರಲ್ಲಷ್ಟೇ ಅಲ್ಲಿಗೆ ಬಂದಿದ್ದರು. ಕಟುಮಾತಿನವರು, ಶಿಸ್ತಿನವರು ಎಂದು ಹೆಸರಾಗಿದ್ದರು.

ಮೊದಲ ಋತು: 1977–78

ಜಾನ್ಸನ್ ಸೇರಿದಾಗ ತಂಡದಲ್ಲಿ ಪ್ರತಿಭೆಗೆ ಕೊರತೆ ಇರಲಿಲ್ಲ. ಡೆಟ್ರಾಯಿಟ್‌ನ ಗ್ರೆಗ್ ಕೆಲ್ಸರ್ ಅಸಾಧಾರಣವಾಗಿ ಜಿಗಿಯಬಲ್ಲ ಫಾರ್ವರ್ಡ್. ಜಾನ್ಸನ್ ಜೊತೆಗೇ ಸೇರಿದ ಜೇ ವಿನ್ಸೆಂಟ್ ಕೂಡ ಲ್ಯಾನ್ಸಿಂಗ್‌ನವರೇ; ಪ್ರತಿಸ್ಪರ್ಧಿ ಪ್ರೌಢಶಾಲೆಯಲ್ಲಿ ಆಡಿದವರು. ಇವರಿಗೆ ಸರಿಯಾದ ಹೊತ್ತಿನಲ್ಲಿ ಸರಿಯಾದ ಜಾಗದಲ್ಲಿ ಚೆಂಡನ್ನು ಕೊಡುವವರು ಬೇಕಾಗಿತ್ತು.

ಇಲ್ಲಿ ಒಂದು ನಿಯಮದ ವಿಚಾರವನ್ನು ಗಮನಿಸಬೇಕು. 1967ರಿಂದ 1976ರವರೆಗೆ ಅಮೆರಿಕದ ಕಾಲೇಜು ಪಂದ್ಯಗಳಲ್ಲಿ ಡಂಕ್, ಎಂದರೆ ಚೆಂಡನ್ನು ಮೇಲಿನಿಂದ ಬುಟ್ಟಿಯೊಳಗೆ ಒತ್ತಿ ಹಾಕುವುದು, ನಿಷಿದ್ಧವಾಗಿತ್ತು. ನಿಷೇಧ ತೆರವಾಗಿ ಒಂದು ವರ್ಷವಾಗಿತ್ತಷ್ಟೇ. ಜಾನ್ಸನ್ ದೂರದಿಂದ ಚೆಂಡನ್ನು ಬುಟ್ಟಿಯ ಹತ್ತಿರ ಗಾಳಿಗೆ ಎಸೆಯುವುದು, ಓಡಿಬಂದ ಕೆಲ್ಸರ್ ನೆಲದಿಂದ ಚಿಮ್ಮಿ ಅದನ್ನು ಗಾಳಿಯಲ್ಲೇ ಹಿಡಿದು ಒಳಗೆ ತುರುಕುವುದು ಇವರಿಬ್ಬರ ಗುರುತೇ ಆಗಿಹೋಯಿತು. ಎರಡು ವರ್ಷ ಮೊದಲಾಗಿದ್ದರೆ ಈ ಆಟಕ್ಕೆ ಅವಕಾಶವೇ ಇರುತ್ತಿರಲಿಲ್ಲ.

ಮೊದಲ ವರ್ಷದ ವಿದ್ಯಾರ್ಥಿಯಾಗಿ ಜಾನ್ಸನ್ ಪಂದ್ಯಕ್ಕೆ ಸರಾಸರಿ 17.0 ಅಂಕ, 7.9 ರಿಬೌಂಡ್, 7.4 ಅಸಿಸ್ಟ್ ಗಳಿಸಿದರು. ಗಾರ್ಡ್ ಒಬ್ಬನ ಹೆಸರಿನಲ್ಲಿ ಸುಮಾರು ಎಂಟು ರಿಬೌಂಡ್ ಇರುವುದು ಅಪರೂಪ. ಅದರ ಪ್ರಯೋಜನ ಸ್ಪಷ್ಟವಾಗಿತ್ತು: ಸಾಮಾನ್ಯವಾಗಿ ಎತ್ತರದವನು ರಿಬೌಂಡ್ ಹಿಡಿದು, ಗಾರ್ಡ್‌ಗಾಗಿ ಹುಡುಕಿ, ಅವನಿಗೆ ಪಾಸ್ ಮಾಡಿದ ಮೇಲೆ ದಾಳಿ ಆರಂಭವಾಗುತ್ತದೆ. ಇಲ್ಲಿ ರಿಬೌಂಡ್ ಹಿಡಿದವರೇ ಪಾಯಿಂಟ್ ಗಾರ್ಡ್ ಆಗಿದ್ದರಿಂದ ಒಂದು ಹಂತವೇ ಉಳಿಯುತ್ತಿತ್ತು; ಎದುರಾಳಿಗಳು ರಕ್ಷಣೆಗೆ ಮರಳುವ ಮೊದಲೇ ಚೆಂಡು ಅವರ ಬುಟ್ಟಿಯ ಬಳಿ ಇರುತ್ತಿತ್ತು.

ತಂಡ 25 ಪಂದ್ಯಗಳನ್ನು ಗೆದ್ದು 5ರಲ್ಲಿ ಸೋತಿತು. ಬಿಗ್ ಟೆನ್ ಕಾನ್ಫರೆನ್ಸ್ ಪ್ರಶಸ್ತಿ ದೊರೆಯಿತು. 1959ರ ಬಳಿಕ ಮೊದಲ ಬಾರಿಗೆ ರಾಷ್ಟ್ರೀಯ ಪಂದ್ಯಾವಳಿಗೆ, ಅಂದರೆ ಎನ್‌ಸಿಎಎ ಟೂರ್ನಿಗೆ, ಆಹ್ವಾನ ಬಂದಿತು. ಅಲ್ಲಿ ಪ್ರಾದೇಶಿಕ ಅಂತಿಮ ಪಂದ್ಯದಲ್ಲಿ ಕೆಂಟಕಿ ವಿರುದ್ಧ 49–52ರಿಂದ ಸೋತಿತು. ಆ ದಿನ ಜಾನ್ಸನ್ ಗಳಿಸಿದ್ದು ಕೇವಲ 6 ಅಂಕ. ಕೆಂಟಕಿ ಆ ವರ್ಷ ರಾಷ್ಟ್ರೀಯ ಪ್ರಶಸ್ತಿಯನ್ನೇ ಗೆದ್ದಿತು.

ಎರಡನೆಯ ಋತು: ಕುಸಿತ ಮತ್ತು ಚೇತರಿಕೆ

1978–79ರ ಋತುವಿನ ಕಥೆಯನ್ನು ಅದರ ಕೊನೆಯಿಂದ ನೋಡುವವರು ಜನವರಿ ತಿಂಗಳನ್ನು ಮರೆತುಬಿಡುತ್ತಾರೆ. ದೊಡ್ಡ ನಿರೀಕ್ಷೆಗಳೊಂದಿಗೆ ಆರಂಭಿಸಿದ ತಂಡ ಬಿಗ್ ಟೆನ್‌ನ ಮೊದಲ ಎಂಟು ಪಂದ್ಯಗಳಲ್ಲಿ ನಾಲ್ಕನ್ನು ಸೋತಿತು. ಇಲಿನಾಯ್, ಪರ್ಡ್ಯೂ, ಮಿಷಿಗನ್ ತಂಡಗಳ ವಿರುದ್ಧದ ಸೋಲುಗಳು ಒಂದೆರಡು ಅಂಕಗಳ ಅಂತರದವು. ಅವನ್ನು ದುರದೃಷ್ಟವೆಂದು ಬಿಟ್ಟುಬಿಡಬಹುದಿತ್ತು. ಆದರೆ ಕಾನ್ಫರೆನ್ಸ್‌ನ ಅತಿ ದುರ್ಬಲ ತಂಡವಾಗಿದ್ದ ನಾರ್ತ್‌ವೆಸ್ಟರ್ನ್ ವಿರುದ್ಧ 65–83ರಿಂದ, ಎಂದರೆ 18 ಅಂಕಗಳಿಂದ ಸೋತದ್ದಕ್ಕೆ ಅಂಥ ಸಮಾಧಾನವಿರಲಿಲ್ಲ.

ಈ ಸೋಲಿನ ಬಳಿಕ ಆಟಗಾರರು ಮತ್ತು ತರಬೇತುದಾರರು ಕುಳಿತು ಮುಚ್ಚುಮರೆಯಿಲ್ಲದೆ ಮಾತನಾಡಿದರು. ತಂಡದಲ್ಲಿ ಮುಖ್ಯವಾಗಿ ಎರಡು ಬದಲಾವಣೆಗಳಾದವು. ಕೆನಡಾದ ವಿಂಡ್ಸರ್ ನಗರದ ಮೈಕ್ ಬ್ರ್ಕೋವಿಚ್ ಎಂಬ ಹೊಡೆತಗಾರ ಗಾರ್ಡ್ ಆರಂಭಿಕ ಐವರಲ್ಲಿ ಸ್ಥಾನ ಪಡೆದರು. ಹಾಗೆಯೇ, ಎಚ್ಚರಿಕೆಯಿಂದ ನಿಧಾನವಾಗಿ ಆಡುವುದನ್ನು ಬಿಟ್ಟು, ಜಾನ್ಸನ್ ಅವರಿಗೆ ಓಡಿಸಿ ಆಡುವ ಸ್ವಾತಂತ್ರ್ಯ ಸಿಕ್ಕಿತು. ಅಂದಿನ ಕಾಲೇಜು ಆಟದಲ್ಲಿ ದಾಳಿಗೆ ಕಾಲಮಿತಿ ಇರಲಿಲ್ಲ, ಮೂರು ಅಂಕದ ಗೆರೆಯೂ ಇರಲಿಲ್ಲ ಎಂಬುದನ್ನು ನೆನಪಿಟ್ಟರೆ ಈ ನಿರ್ಧಾರ ಎಷ್ಟು ದಿಟ್ಟವಾದುದೆಂದು ತಿಳಿಯುತ್ತದೆ. ಬೇಕಾದಷ್ಟು ಹೊತ್ತು ಚೆಂಡನ್ನು ಹಿಡಿದಿಟ್ಟುಕೊಳ್ಳುವುದು ಆಗ ನಿಯಮಬದ್ಧ ತಂತ್ರವಾಗಿತ್ತು.

ಮುಂದಿನ ಪಂದ್ಯಗಳಲ್ಲೊಂದಾದ ಓಹಾಯೊ ಸ್ಟೇಟ್ ವಿರುದ್ಧದ ಪಂದ್ಯದಲ್ಲಿ ಜಾನ್ಸನ್ ಪಾದದ ಕೀಲಿಗೆ ಪೆಟ್ಟಾಗಿ ಒಳಗೆ ಹೋಗಬೇಕಾಯಿತು. ಅವರಿಲ್ಲದ ತಂಡದ ಮುನ್ನಡೆ ಕರಗಿತು. ದ್ವಿತೀಯಾರ್ಧದಲ್ಲಿ ಅವರು ಮರಳಿ ಬಂದು ಆಡಿದರು. ತಂಡ ಹೆಚ್ಚುವರಿ ಸಮಯದಲ್ಲಿ ಗೆದ್ದಿತು. ಅಲ್ಲಿಂದ ಮಿಷಿಗನ್ ಸ್ಟೇಟ್ ಸತತ ಹತ್ತು ಪಂದ್ಯಗಳ ಗೆಲುವಿನ ಸರಣಿಯನ್ನು ಕಟ್ಟಿ, ಬಿಗ್ ಟೆನ್ ಪ್ರಶಸ್ತಿಯನ್ನು ಪರ್ಡ್ಯೂ ಹಾಗೂ ಅಯೋವಾ ತಂಡಗಳೊಂದಿಗೆ ಹಂಚಿಕೊಂಡಿತು.

1979ರ ಎನ್‌ಸಿಎಎ ಟೂರ್ನಿ

ಆ ವರ್ಷದ ಟೂರ್ನಿಯಲ್ಲಿ 40 ತಂಡಗಳಿದ್ದವು. ಎಲ್ಲ ತಂಡಗಳಿಗೂ ಶ್ರೇಯಾಂಕ ನೀಡುವ ಪದ್ಧತಿ ಅಂದೇ ಆರಂಭವಾಯಿತು. ಮಿಷಿಗನ್ ಸ್ಟೇಟ್ ತಂಡವು ಲಮಾರ್ ತಂಡವನ್ನು 95–64, ಲೂಯಿಸಿಯಾನಾ ಸ್ಟೇಟ್ ತಂಡವನ್ನು 87–71, ಅಗ್ರ ಶ್ರೇಯಾಂಕದ ನೋಟರ್‌ಡೇಮ್ ತಂಡವನ್ನು 80–68ರಿಂದ ಸೋಲಿಸಿತು. ನೋಟರ್‌ಡೇಮ್ ವಿರುದ್ಧ ಕೆಲ್ಸರ್ 34 ಅಂಕ ಗಳಿಸಿದರೆ ಜಾನ್ಸನ್ 13 ಅಸಿಸ್ಟ್ ನೀಡಿದರು. ಈ ಎರಡು ಸಂಖ್ಯೆಗಳನ್ನು ಬೇರೆ ಬೇರೆಯಾಗಿ ಓದಬಾರದು. ಸೆಮಿಫೈನಲ್‌ನಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ ವಿರಾಮದ ವೇಳೆಗೆ 17–50ರಿಂದ ಹಿಂದಿತ್ತು. ಪಂದ್ಯ 101–67ರಲ್ಲಿ ಮುಗಿಯಿತು. ಜಾನ್ಸನ್ 29 ಅಂಕ, 10 ರಿಬೌಂಡ್, 10 ಅಸಿಸ್ಟ್ ಗಳಿಸಿದರು.

ಅಂತಿಮ ಪಂದ್ಯ 26 ಮಾರ್ಚ್ 1979ರಂದು ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ನಡೆಯಿತು. ಎದುರಾಳಿ ಇಂಡಿಯಾನಾ ಸ್ಟೇಟ್ ಅದುವರೆಗೆ ಆಡಿದ 33 ಪಂದ್ಯಗಳಲ್ಲಿ ಒಂದನ್ನೂ ಸೋತಿರಲಿಲ್ಲ. ಆ ತಂಡದ ಆಧಾರಸ್ತಂಭ ಲ್ಯಾರಿ ಬರ್ಡ್ ದೇಶದ ಶ್ರೇಷ್ಠ ಕಾಲೇಜು ಆಟಗಾರನೆಂಬ ಪ್ರಶಸ್ತಿ ಪಡೆದಿದ್ದರು. ಬರ್ಡ್ ಅವರನ್ನು ತಡೆಯುವ ಅಭ್ಯಾಸಕ್ಕಾಗಿ ಹೀತ್‌ಕೋಟ್ ಒಂದು ಉಪಾಯ ಮಾಡಿದರು: ಅಭ್ಯಾಸದಲ್ಲಿ ಬರ್ಡ್ ಪಾತ್ರವನ್ನು ಜಾನ್ಸನ್ ಅವರಿಗೇ ವಹಿಸಿದರು. ಅಷ್ಟು ಎತ್ತರವಿದ್ದು, ಅಷ್ಟು ಚೆನ್ನಾಗಿ ಪಾಸ್ ಮಾಡಬಲ್ಲವರು ತಂಡದಲ್ಲಿ ಬೇರೆ ಯಾರೂ ಇರಲಿಲ್ಲ. ಪಂದ್ಯದಲ್ಲಿ ಹೀತ್‌ಕೋಟ್ ಅವರ ಹೊಂದಾಣಿಕೆಯ ಜೋನ್ ಡಿಫೆನ್ಸ್ ಬರ್ಡ್ ಅವರನ್ನು ಸುತ್ತುವರಿಯಿತು. ಚೆಂಡು ಅವರ ಕೈಗೆ ಬಂದಾಗ ಒಬ್ಬರು ಎದುರಿಗೆ ನಿಂತರೆ ಮತ್ತೊಬ್ಬರು ಅರ್ಧ ಗಮನವನ್ನು ಅವರ ಮೇಲೆಯೇ ಇಟ್ಟಿರುತ್ತಿದ್ದರು. ಬರ್ಡ್ 21 ಪ್ರಯತ್ನಗಳಲ್ಲಿ 7ನ್ನು ಮಾತ್ರ ಬುಟ್ಟಿಗೆ ಹಾಕಿ 19 ಅಂಕ ಗಳಿಸಿದರು.

ಇಂಡಿಯಾನಾ ಸ್ಟೇಟ್ ತನ್ನ ರಕ್ಷಣೆಯನ್ನು ಜಾನ್ಸನ್ ಮತ್ತು ಕೆಲ್ಸರ್ ಮೇಲೆ ಕೇಂದ್ರೀಕರಿಸಿತ್ತು. ಸಹಜವಾಗಿಯೇ ಬೇರೆಡೆ ಜಾಗ ಬರಿದಾಯಿತು. ಹೆಚ್ಚು ಅಂಕ ಗಳಿಸುವವರೆಂದು ಹೆಸರಾಗಿರದ ಗಾರ್ಡ್ ಟೆರಿ ಡಾನೆಲಿ ಐದು ಬಾರಿ ಚೆಂಡೆಸೆದು ಐದನ್ನೂ ಬುಟ್ಟಿಗೆ ಹಾಕಿದರು. ಫ್ರೀ ಥ್ರೋಗಳೂ ಸೇರಿ ಅವರ ಗಳಿಕೆ 15 ಅಂಕ. ಪಾಯಿಂಟ್ ಗಾರ್ಡ್‌ನ ಮಹತ್ವವನ್ನು ವಿವರಿಸಲು ಈ ಒಂದು ರಾತ್ರಿಯ ಡಾನೆಲಿ ಅವರ ಆಟಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ತನ್ನ ಮೇಲೆ ಇಬ್ಬರು ಬಿದ್ದಾಗ ಯಾರು ಒಬ್ಬಂಟಿಯಾಗಿ ಉಳಿದಿದ್ದಾರೆಂದು ಜಾನ್ಸನ್ ತಕ್ಷಣ ಗುರುತಿಸುತ್ತಿದ್ದರು.

ವಿರಾಮಕ್ಕೆ 37–28ರ ಮುನ್ನಡೆ ಇತ್ತು. ದ್ವಿತೀಯಾರ್ಧದಲ್ಲಿ ಅಂತರ ಒಮ್ಮೆ 6 ಅಂಕಗಳಿಗೆ ಇಳಿಯಿತಾದರೂ ಮಿಷಿಗನ್ ಸ್ಟೇಟ್ 75–64ರಿಂದ ಗೆದ್ದು ತನ್ನ ಮೊದಲ ರಾಷ್ಟ್ರೀಯ ಪ್ರಶಸ್ತಿಯನ್ನು ಪಡೆಯಿತು. 24 ಅಂಕ, 7 ರಿಬೌಂಡ್, 5 ಅಸಿಸ್ಟ್ ಗಳಿಸಿದ ಜಾನ್ಸನ್ ಅಂತಿಮ ಸುತ್ತಿನ ಅತ್ಯುತ್ತಮ ಆಟಗಾರರೆಂದು ಆಯ್ಕೆಯಾದರು. ಆಗ ಅವರ ವಯಸ್ಸು 19. ಅಮೆರಿಕದಲ್ಲಿ ಟಿವಿ ಇದ್ದ ಮನೆಗಳ ಪೈಕಿ ಶೇ. 24.1ರಷ್ಟು ಮನೆಗಳಲ್ಲಿ ಈ ಪಂದ್ಯವನ್ನು ವೀಕ್ಷಿಸಲಾಯಿತು. ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯವೊಂದಕ್ಕೆ ದೊರೆತ ಅತ್ಯಧಿಕ ಪ್ರಮಾಣ ಇದೇ. ಮುಂದೆ ಎನ್‌ಬಿಎಯಲ್ಲಿ ಇಡೀ ದಶಕ ಮುಂದುವರಿದ ಜಾನ್ಸನ್–ಬರ್ಡ್ ಸ್ಪರ್ಧೆಯ ಮೊದಲ ಅಂಕವೂ ಇದಾಗಿತ್ತು.

ನಿರ್ಗಮನದ ನಂತರ

ಎರಡನೆಯ ವರ್ಷದ ಸರಾಸರಿ 17.1 ಅಂಕ, 7.3 ರಿಬೌಂಡ್, 8.4 ಅಸಿಸ್ಟ್. ಅಂಕಗಳು ಹೆಚ್ಚುಕಡಿಮೆ ಹಿಂದಿನಷ್ಟೇ ಇದ್ದು ಅಸಿಸ್ಟ್ ಮಾತ್ರ ಪಂದ್ಯಕ್ಕೆ ಒಂದರಂತೆ ಏರಿರುವುದನ್ನು ಗಮನಿಸಬಹುದು. ಪದವಿಗೆ ಇನ್ನೂ ಎರಡು ವರ್ಷ ಬಾಕಿಯಿರುವಾಗಲೇ ಜಾನ್ಸನ್ ವೃತ್ತಿಪರ ಆಟಕ್ಕೆ ಹೊರಟರು. 1979ರ ಎನ್‌ಬಿಎ ಆಯ್ಕೆ ಪ್ರಕ್ರಿಯೆಯಲ್ಲಿ ಮೊದಲ ಅವಕಾಶ ಯಾರಿಗೆಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಲಾಗಿತ್ತು. ಶಿಕಾಗೊ ಬುಲ್ಸ್ ಸೋತು ಲೇಕರ್ಸ್ ಗೆದ್ದಿತು, ಜಾನ್ಸನ್ ಅವರನ್ನು ಆರಿಸಿಕೊಂಡಿತು. ಅದೇ ವರ್ಷ ಪದವಿ ಮುಗಿಸಿದ ಕೆಲ್ಸರ್ ಅವರನ್ನು ಡೆಟ್ರಾಯಿಟ್ ಪಿಸ್ಟನ್ಸ್ ನಾಲ್ಕನೆಯವರಾಗಿ ಆರಿಸಿತು.

1979–80ರಲ್ಲಿ ಮಿಷಿಗನ್ ಸ್ಟೇಟ್ 12 ಪಂದ್ಯ ಗೆದ್ದು 15 ಸೋತಿತು. ಈ ಕುಸಿತಕ್ಕೆ ಜಾನ್ಸನ್ ನಿರ್ಗಮನವೊಂದೇ ಕಾರಣವೆನ್ನುವುದು ನ್ಯಾಯವಲ್ಲ; ಕೆಲ್ಸರ್ ಅವರನ್ನೂ ತಂಡ ಕಳೆದುಕೊಂಡಿತ್ತು. ಆದರೂ ಒಂದು ಸಂಗತಿ ವಿಚಾರಾರ್ಹವಾಗಿದೆ. ತಂಡದಲ್ಲಿ ಉಳಿದಿದ್ದ ಜೇ ವಿನ್ಸೆಂಟ್ 1980 ಮತ್ತು 1981ರಲ್ಲಿ ಬಿಗ್ ಟೆನ್‌ನಲ್ಲಿ ಅತಿ ಹೆಚ್ಚು ಸರಾಸರಿ ಅಂಕ ಗಳಿಸಿದ ಆಟಗಾರರಾಗಿದ್ದರು. ಕಾನ್ಫರೆನ್ಸ್‌ನ ಅಗ್ರ ಅಂಕಗಳಿಕೆದಾರ ಇದ್ದೂ ತಂಡ ಸೋಲುತ್ತಲೇ ಹೋಯಿತು.

ಹೀತ್‌ಕೋಟ್ 1995ರವರೆಗೆ ತರಬೇತುದಾರರಾಗಿ ಮುಂದುವರಿದರು. ಅವರಿಗೆ ಮತ್ತೊಂದು ರಾಷ್ಟ್ರೀಯ ಪ್ರಶಸ್ತಿ ದೊರೆಯಲಿಲ್ಲ. ಅವರ ಸಹಾಯಕರಾಗಿದ್ದು ಉತ್ತರಾಧಿಕಾರಿಯಾದ ಟಾಮ್ ಇಝೊ 2000ದಲ್ಲಿ ವಿಶ್ವವಿದ್ಯಾಲಯಕ್ಕೆ ಎರಡನೆಯ ಪ್ರಶಸ್ತಿ ತಂದರು. ಆ ತಂಡದ ನಾಯಕ, ಅಂತಿಮ ಸುತ್ತಿನ ಅತ್ಯುತ್ತಮ ಆಟಗಾರ ಮಟೀನ್ ಕ್ಲೀವ್ಸ್ ಕೂಡ ಪಾಯಿಂಟ್ ಗಾರ್ಡ್ ಆಗಿದ್ದರು. ಜಾನ್ಸನ್ ಧರಿಸುತ್ತಿದ್ದ 33ನೆಯ ಸಂಖ್ಯೆಯ ಅಂಗಿಯನ್ನು ವಿಶ್ವವಿದ್ಯಾಲಯವು ನಿವೃತ್ತಗೊಳಿಸಿದೆ. ವಿಶ್ವವಿದ್ಯಾಲಯದ ಬ್ರೆಸ್ಲಿನ್ ಕ್ರೀಡಾಂಗಣದ ಹೊರಗೆ ಅವರ ಕಂಚಿನ ಪ್ರತಿಮೆ ಇದೆ.