ಏನಿದು ಸರ್ಟ್-ಇನ್? ಆನ್‌ಲೈನ್‌ನಲ್ಲಿ ಹಣ ಹೋದರೆ ಯಾರಿಗೆ ದೂರು ಕೊಡಬೇಕು?

ದೇಶದಲ್ಲಿ ಸೈಬರ್ ದಾಳಿಗಳನ್ನು ಎದುರಿಸಲೆಂದೇ ಇರುವ ರಾಷ್ಟ್ರೀಯ ಸಂಸ್ಥೆ ಸರ್ಟ್-ಇನ್. ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ಅಧೀನದಲ್ಲಿರುವ ಇದು 2004ರ ಜನವರಿಯಿಂದ ಕೆಲಸ ಮಾಡುತ್ತಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 70ಬಿ ಇದಕ್ಕೆ ಅಧಿಕಾರ ನೀಡಿದೆ.

ದಾಳಿಗಳ ಮಾಹಿತಿ ಕಲೆಹಾಕಿ ವಿಶ್ಲೇಷಿಸುವುದು, ತುರ್ತು ಕ್ರಮಕ್ಕೆ ನೆರವಾಗುವುದು, ಸಾಫ್ಟ್‌ವೇರ್ ಲೋಪಗಳ ಬಗ್ಗೆ ಎಚ್ಚರಿಸುವುದು ಇದರ ಕೆಲಸ. 'ಬ್ರೌಸರ್ ಕೂಡಲೇ ಅಪ್‌ಡೇಟ್ ಮಾಡಿ' ಎಂಬ ಸುದ್ದಿಗಳಿಗೆ ಹಲವು ಬಾರಿ ಮೂಲ ಇದೇ ಸಂಸ್ಥೆ. 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ, ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಕಂಪನಿಗಳು ಸರ್ಟ್-ಇನ್‌ಗೆ ವರದಿ ಮಾಡಬೇಕು.

ಆದರೆ ನೆನಪಿರಲಿ, ಇದು ಪೊಲೀಸ್ ಠಾಣೆಯಲ್ಲ. ಖಾತೆಯಿಂದ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ನೀವು ಯಾವ ರಾಜ್ಯದಲ್ಲಿದ್ದರೂ ಸಂಖ್ಯೆ ಇದೇ. ವಂಚಕರು ಹಣವನ್ನು ಮುಂದಿನ ಖಾತೆಗೆ ದಾಟಿಸುವ ಮುನ್ನ ದೂರು ತಲುಪಿದರಷ್ಟೇ ಅದನ್ನು ತಡೆಹಿಡಿಯುವುದು ಸುಲಭ.