ವೈದ್ಯನ ಕೋಣೆಯಲ್ಲಿ ನಾಯಿ

ಧರ್ಮರಾಯನು ತನ್ನನ್ನು ನಂಬಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗದ ರಥವನ್ನೇರಲು ಒಪ್ಪಲಿಲ್ಲವೆಂಬ ಕಥೆಯನ್ನು ನಾವೆಲ್ಲರೂ ಬಲ್ಲೆವು. ಕಥೆಯಲ್ಲಿ ನಾಯಿಗೆ ಇಷ್ಟು ಮನ್ನಣೆ ಕೊಟ್ಟ ನಾವು ಮನೆಯಲ್ಲಿ ಮಾತ್ರ ಅದನ್ನು ಬಹುಕಾಲ ಹೊಸಿಲಿನಾಚೆಯೇ ಇರಿಸಿದೆವು. ಅಂಥ ಪ್ರಾಣಿಯನ್ನು ವೈದ್ಯನೊಬ್ಬನು ತನ್ನ ಕೋಣೆಗೆ ಕರೆದುಕೊಂಡು, ಚಿಕಿತ್ಸೆಯಲ್ಲಿ ಇದೂ ನನ್ನ ಸಹೋದ್ಯೋಗಿ ಎಂದರೆ ಕೇಳಿದವರು ನಗದಿರುತ್ತಾರೆಯೆ? ೧೯೬೧ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಸೇರಿದ್ದ ಅಮೆರಿಕದ ಮನಶ್ಶಾಸ್ತ್ರಜ್ಞರ ಸಮ್ಮೇಳನದಲ್ಲಿ ಹಾಗೆಯೇ ಆಯಿತು. ಬೋರಿಸ್ ಲೆವಿನ್ಸನ್ ಎಂಬ ಪ್ರಾಧ್ಯಾಪಕರು ಪ್ರಬಂಧವನ್ನು ಓದಿ ಮುಗಿಸಿದಾಗ, ರೋಗಿ ಕೊಡುವ ಹಣದಲ್ಲಿ ನಾಯಿಗೂ ಪಾಲುಂಟೋ ಎಂದು ಸಭಿಕರು ಹಾಸ್ಯ ಮಾಡಿದರಂತೆ.

ಆದರೆ ಆ ವಿಚಾರವು ಅಂದು ಹುಟ್ಟಿದ್ದಲ್ಲ. ಅದರ ಮೂಲವನ್ನು ಹುಡುಕಬೇಕಾದರೆ ಇಂಗ್ಲೆಂಡಿನ ಯಾರ್ಕ್ ಪಟ್ಟಣಕ್ಕೆ ಹೋಗಬೇಕು. ಹದಿನೆಂಟನೆಯ ಶತಮಾನದಲ್ಲಿ ಬುದ್ಧಿಭ್ರಮಣೆಯಾದವರನ್ನು ಸರಪಳಿಯಲ್ಲಿ ಬಿಗಿಯುವುದು ಯೂರೋಪಿನಲ್ಲಿ ಸಾಮಾನ್ಯವಾಗಿತ್ತು. ಚಹಾ ವ್ಯಾಪಾರಿಯಾಗಿದ್ದ ವಿಲಿಯಂ ಟ್ಯೂಕ್ ಎಂಬ ಕ್ವೇಕರ್ ಪಂಥದ ಗೃಹಸ್ಥನು ಇದನ್ನು ಕಂಡು ಮರುಗಿ, ೧೭೯೬ರಲ್ಲಿ 'ರಿಟ್ರೀಟ್' ಎಂಬ ಆಶ್ರಯಧಾಮವನ್ನು ತೆರೆದನು. ಅಲ್ಲಿ ಸರಪಳಿಯಿರಲಿಲ್ಲ, ಅಂಗಳಗಳಲ್ಲಿ ಮೊಲ, ಕೋಳಿ, ಗಿಡುಗ, ಕಡಲಹಕ್ಕಿಗಳಿದ್ದವು. ತಮಗಿಂತ ದುರ್ಬಲವಾದ ಜೀವಕ್ಕೆ ಆಹಾರ ನೀಡುವುದರಿಂದ ರೋಗಿಗಳಲ್ಲಿ ಅಕ್ಕರೆಯೂ ಸಂಯಮವೂ ಮರಳಿ ಮೂಡುವುವೆಂಬುದು ಅಲ್ಲಿನವರ ಅನುಭವ. ಟ್ಯೂಕನ ಮೊಮ್ಮಗ ಸ್ಯಾಮ್ಯುಯಲ್ ೧೮೧೩ರಲ್ಲಿ ಈ ಆಶ್ರಯಧಾಮವನ್ನು ಕುರಿತು ಬರೆದ ಪುಸ್ತಕದಲ್ಲಿ ಇದನ್ನು ದಾಖಲಿಸಿದ್ದಾನೆ. ಮುಂದೆ ಫ್ಲಾರೆನ್ಸ್ ನೈಟಿಂಗೇಲರೂ ೧೮೫೯ರ ತಮ್ಮ ಶುಶ್ರೂಷಾ ಗ್ರಂಥದಲ್ಲಿ, ಬಹುಕಾಲ ಹಾಸಿಗೆ ಹಿಡಿದವರಿಗೆ ಪುಟ್ಟ ಸಾಕುಪ್ರಾಣಿಯೊಂದು ಒಳ್ಳೆಯ ಜೊತೆಯೆಂದು ಸಲಹೆ ಮಾಡಿದರು.

ಇನ್ನು ಮಕ್ಕಳ ವಿಷಯ. ಕೆಲವು ಮಕ್ಕಳು ಕರೆದರೆ ತಿರುಗುವುದಿಲ್ಲ, ಕಣ್ಣಿನಲ್ಲಿ ಕಣ್ಣಿಟ್ಟು ನೋಡುವುದಿಲ್ಲ. ಒಂದೇ ಆಟವನ್ನು, ಒಂದೇ ಮಾತನ್ನು ಮತ್ತೆ ಮತ್ತೆ ಆಡುತ್ತಾರೆ. ದಿನಚರಿ ಕೊಂಚ ತಪ್ಪಿದರೂ ಕಳವಳಗೊಳ್ಳುತ್ತಾರೆ. ಬಾಲ್ಟಿಮೋರ್ ನಗರದ ವೈದ್ಯ ಲಿಯೋ ಕ್ಯಾನರ್ ೧೯೪೩ರಲ್ಲಿ ಇಂಥ ಹನ್ನೊಂದು ಮಕ್ಕಳನ್ನು ವರ್ಣಿಸಿ ಬರೆದ ಪ್ರಬಂಧದಿಂದ 'ಆಟಿಸಂ' ಎಂಬ ಹೆಸರು ಬಳಕೆಗೆ ಬಂತು. ಕನ್ನಡದಲ್ಲಿ ಇದನ್ನು ಸ್ವಲೀನತೆ ಎನ್ನುತ್ತೇವೆ. ಮರು ವರ್ಷವೇ ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಗರ್ ಇದೇ ಬಗೆಯ ಮಕ್ಕಳನ್ನು ಕುರಿತು ಬರೆದನು.

ಹೆಸರು ಬಂದೊಡನೆ ಪರಿಹಾರ ಬರಲಿಲ್ಲ, ಬಂದದ್ದು ನಿಂದೆ. ತಾಯಿಯ ಹೃದಯದಲ್ಲಿ ಬೆಚ್ಚನೆಯ ಪ್ರೀತಿ ಇಲ್ಲದ್ದರಿಂದಲೇ ಮಗು ಹೀಗಾಯಿತೆಂದು ದೊಡ್ಡ ದೊಡ್ಡ ವೈದ್ಯರೇ ಹೇಳತೊಡಗಿದರು. ಬ್ರೂನೋ ಬೆಟಲ್‌ಹೈಮ್ ೧೯೬೭ರಷ್ಟು ಈಚೆಗೂ ಅದನ್ನೇ ಒಂದು ಗ್ರಂಥವಾಗಿ ಬರೆದನು. ಮಗುವಿನ ಚಿಂತೆಯಲ್ಲಿ ಬೆಂದ ತಾಯಿಯ ಮೇಲೆ ಅಪರಾಧವನ್ನೂ ಹೊರಿಸಿದ ಈ ವಾದ ಎಷ್ಟು ಮನೆಗಳ ನೆಮ್ಮದಿಯನ್ನು ಕೆಡಿಸಿತೋ ಲೆಕ್ಕವಿಟ್ಟವರಿಲ್ಲ. ಆಟಿಸಂ ಇದ್ದ ಮಗನ ತಂದೆಯೂ ಸ್ವತಃ ಮನಶ್ಶಾಸ್ತ್ರಜ್ಞನೂ ಆಗಿದ್ದ ಬರ್ನಾರ್ಡ್ ರಿಮ್ಲಂಡ್ ೧೯೬೪ರಲ್ಲಿಯೇ ಇದನ್ನು ಖಂಡಿಸಿ, ಕಾರಣವು ತಾಯಿಯ ನಡತೆಯಲ್ಲಿಲ್ಲ, ಮಿದುಳಿನ ಬೆಳವಣಿಗೆಯಲ್ಲಿದೆ ಎಂದು ತೋರಿಸಿದನು. ಇಂದಿನ ವಿಜ್ಞಾನ ನಿಂತಿರುವುದು ರಿಮ್ಲಂಡನ ಪಕ್ಷದಲ್ಲಿ.

ಲೆವಿನ್ಸನ್ನರ ಅನುಭವ ಈ ಕಾಲದ್ದೇ. ೧೯೫೦ರ ದಶಕದ ಮೊದಲ ಭಾಗ. ತನ್ನೊಳಗೇ ಮುದುಡಿಕೊಂಡಿದ್ದ ಬಾಲಕನೊಬ್ಬನನ್ನು ಕರೆದುಕೊಂಡು ತಾಯಿ ಗೊತ್ತುಮಾಡಿದ ಹೊತ್ತಿಗಿಂತ ಬಹಳ ಮುಂಚೆಯೇ ಅವರ ಮನೆಗೆ ಬಂದಳು. ಬೇರೆ ಕಡೆ ಚಿಕಿತ್ಸೆ ಮಾಡಿಸಿ ಫಲ ಕಾಣದೆ, ಹುಡುಗನನ್ನು ಆಸ್ಪತ್ರೆಗೆ ಸೇರಿಸುವ ಮಾತು ನಡೆದಿತ್ತು. ರೋಗಿಗಳು ಬರುವ ಹೊತ್ತಿನಲ್ಲಿ ನಾಯಿಯನ್ನು ಒಳಗೆ ಬಿಡುವ ವಾಡಿಕೆಯಿರಲಿಲ್ಲ. ಅಂದು ಲೆವಿನ್ಸನ್ನರ ಜಿಂಗಲ್ಸ್ ಅವರ ಕಾಲ ಬಳಿಯೇ ಮಲಗಿತ್ತು. ಬಾಗಿಲು ತೆರೆದದ್ದೇ ತಡ, ಅದು ಓಡಿಹೋಗಿ ಹುಡುಗನನ್ನು ನೆಕ್ಕಿತು. ಹುಡುಗ ಬೆದರಲಿಲ್ಲ, ತಬ್ಬಿಕೊಂಡನು. ತಾಯಿ ಗಾಬರಿಯಿಂದ ಬಿಡಿಸಲು ಹೋದಾಗ, ಲೆವಿನ್ಸನ್ ಬೇಡವೆಂದು ತಡೆದರು. ಹೊರಡುವಾಗ ಹುಡುಗ, ಮತ್ತೆ ಬಂದು ನಾಯಿಯೊಡನೆ ಆಡುವೆನೆಂದನು. ಕೆಲವು ಭೇಟಿಗಳವರೆಗೆ ಅವನಿಗೆ ವೈದ್ಯರು ಕೋಣೆಯಲ್ಲಿದ್ದಾರೆಂಬ ಪರಿವೆಯೇ ಇಲ್ಲ. ಅವನ ಆಟವೆಲ್ಲ ನಾಯಿಯ ಸಂಗಡ. ಬರಬರುತ್ತ ಆಟದಲ್ಲಿ ವೈದ್ಯರಿಗೂ ಜಾಗ ಸಿಕ್ಕಿತು. ನಿಜವಾದ ಚಿಕಿತ್ಸೆ ಆರಂಭವಾದದ್ದು ಆಮೇಲೆ.

ಈ ಕ್ರಮವನ್ನು ಗಮನಿಸಬೇಕು. ನಾಯಿ ಗುಣಪಡಿಸಿತೆಂದು ಲೆವಿನ್ಸನ್ ಹೇಳಲಿಲ್ಲ. ಅದು ವೈದ್ಯನಿಗೂ ಮಗುವಿಗೂ ನಡುವೆ ಸೇತುವೆಯಾಯಿತೆಂದರು. ೧೯೬೨ರ ಪ್ರಬಂಧದಲ್ಲಿ ಅದಕ್ಕೆ 'ಸಹಚಿಕಿತ್ಸಕ' ಎಂಬ ಪದವಿಯನ್ನೇ ಕೊಟ್ಟರು. ೧೯೬೯ರಲ್ಲಿ ಇದರ ಮೇಲೆ ಒಂದು ಗ್ರಂಥವನ್ನು ಹೊರತಂದರು. ೧೯೮೪ರಲ್ಲಿ ಅವರು ತೀರಿಕೊಂಡರು. ಅಷ್ಟರೊಳಗೆ ಹಲವು ಕಡೆ ಈ ಕೆಲಸ ನಡೆಯತೊಡಗಿತ್ತು.

ಕುದುರೆಯ ಕಥೆ ಬೇರೆ ದಾರಿಯಿಂದ ಬಂದದ್ದು. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ೧೯೪೪ರಲ್ಲಿ ಪೋಲಿಯೋ ತಗುಲಿ ಕಾಲಿನ ಬಲ ಕಳೆದುಕೊಂಡರೂ ಸವಾರಿಯನ್ನು ಬಿಡದೆ, ೧೯೫೨ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಬೆಳ್ಳಿಯ ಪದಕ ಗಳಿಸಿದರು. ಆ ಗೆಲುವಿನ ತರುವಾಯ ಅಂಗವಿಕಲರಿಗಾಗಿ ಸವಾರಿ ಶಾಲೆಗಳು ಹುಟ್ಟಿಕೊಂಡವು. ಆಟಿಸಂ ಇರುವ ಮಕ್ಕಳೂ ಮುಂದೆ ಅಲ್ಲಿಗೆ ಬಂದರು.

ಸದುದ್ದೇಶದ ಹಿಂದೆಯೇ ವ್ಯಾಪಾರವೂ ಬಂತು. ಡಾಲ್ಫಿನ್ ಮೀನಿನೊಡನೆ ಈಜಿದರೆ ಆಟಿಸಂ ಹೋಗುವುದೆಂಬ ಆಸೆ ತೋರಿಸಿ ತಂದೆತಾಯಿಗಳಿಂದ ಅಪಾರ ಹಣ ಕಿತ್ತವರುಂಟು. (ಡಾಲ್ಫಿನ್ ನಿಜವಾಗಿ ಮೀನಲ್ಲ, ಸಸ್ತನಿ.) ಫ್ಲಾರಿಡಾದಲ್ಲಿ ಇಂಥ ಪ್ರಯೋಗವನ್ನು ಮೊದಲು ಮಾಡಿದವರಲ್ಲೊಬ್ಬರಾದ ಬೆಟ್ಸಿ ಸ್ಮಿತ್ ತಾವೇ ಅದನ್ನು ಕೈಬಿಟ್ಟರು. ೧೯೯೮ರಲ್ಲಿ ಮತ್ತು ೨೦೦೭ರಲ್ಲಿ ಲೋರಿ ಮರೀನೋ ಹಾಗೂ ಸ್ಕಾಟ್ ಲಿಲಿಯನ್‌ಫೆಲ್ಡ್ ಆ ಅಧ್ಯಯನಗಳನ್ನೆಲ್ಲ ಒರೆಗೆ ಹಚ್ಚಿ, ಶಾಶ್ವತವಾದ ಲಾಭಕ್ಕೆ ಆಧಾರವಿಲ್ಲವೆಂದು ಕಂಡರು. ಕಡಲಿನ ಪ್ರಾಣಿಯನ್ನು ಕೊಳದಲ್ಲಿ ಸೆರೆಯಿಡುವ ಹಿಂಸೆ ಬೇರೆ.

ಹಾಗಾದರೆ ಉಳಿದದ್ದೇನು? ೧೯೮೯ರಲ್ಲಿ ರೆಡಿಫರ್ ಮತ್ತು ಗುಡ್‌ಮನ್ ಹನ್ನೆರಡು ಮಕ್ಕಳೊಡನೆ ನಡೆಸಿದ ಪ್ರಯೋಗದಲ್ಲಿ, ನಾಯಿ ಜೊತೆಗಿದ್ದಾಗ ಮಕ್ಕಳು ಒಂಟಿಯಾಗಿ ಕೂರುವುದು ಕಡಮೆಯಾಗಿ ಒಡನಾಟ ಹೆಚ್ಚಿತು. ೨೦೧೩ರಲ್ಲಿ ಆಸ್ಟ್ರೇಲಿಯದ ಶಾಲೆಗಳಲ್ಲಿ ಮಾರ್ಗರೀಟ್ ಓಹೇರ್ ಮತ್ತು ಸಂಗಡಿಗರು ಗಿನಿಹಂದಿಗಳನ್ನು ತಂದರು. ಇದು ಹೆಸರಿಗೆ ಹಂದಿ. ರೂಪದಲ್ಲಿ ದುಂಡು ಇಲಿಯಂಥ ಸಾಧುಪ್ರಾಣಿ. ಆಟಿಕೆಗಳೆದುರು ಕುಳಿತಾಗಿಗಿಂತ ಅದರೆದುರು ಕುಳಿತಾಗ ಆಟಿಸಂ ಇದ್ದ ಮಕ್ಕಳು ಹೆಚ್ಚು ಮಾತಾಡಿದರು, ಎದುರಿನವರ ಮುಖವನ್ನು ಹೆಚ್ಚು ನೋಡಿದರು, ಹೆಚ್ಚು ನಕ್ಕರು. ೨೦೧೫ರಲ್ಲಿ ಅಮೆರಿಕದಲ್ಲಿ ೧೨೭ ಮಕ್ಕಳನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಹತ್ತು ವಾರ ಕುದುರೆ ಸವಾರಿ, ಇನ್ನೊಂದಕ್ಕೆ ಜೀವವಿಲ್ಲದ ಬೊಂಬೆ ಕುದುರೆಯ ಪಾಠ ಏರ್ಪಡಿಸಿದರು. ಸವಾರಿ ಮಾಡಿದವರಲ್ಲಿ ಸಿಡುಕೂ ಚಡಪಡಿಕೆಯೂ ಹೆಚ್ಚು ಇಳಿದವು. ಮನುಷ್ಯನ ಮುಖವು ಒಮ್ಮೆಗೇ ಹತ್ತು ಅರ್ಥಗಳನ್ನು ಸೂಸುತ್ತದೆ. ಪ್ರಾಣಿಯ ಭಾಷೆ ಸರಳ, ಅದಕ್ಕೆ ಅವಸರವಿಲ್ಲ. ಮಗುವಿಗೆ ಹಿತವಾಗುವುದು ಇದೇ ಇರಬೇಕೆಂದು ಅನೇಕ ವಿದ್ವಾಂಸರ ಊಹೆ.

ಇಷ್ಟಾದರೂ ಇದು ಆಟಿಸಂ ಅನ್ನು ಹೋಗಲಾಡಿಸುವ ಮದ್ದಲ್ಲ. ಮಾತಿನ ತರಬೇತಿಗಾಗಲಿ ಶಿಕ್ಷಣಕ್ಕಾಗಲಿ ಬದಲಿಯೂ ಅಲ್ಲ. ಬೊಗಳುವ ಸದ್ದನ್ನು ಸಹಿಸಲಾರದ ಮಕ್ಕಳುಂಟು, ನಾಯಿಗೆ ಹೆದರುವವರುಂಟು, ಕೂದಲಿನಿಂದ ಉಬ್ಬಸ ಬರುವವರುಂಟು. ಅಂಥವರನ್ನು ಬಲವಂತ ಮಾಡಬಾರದು. ನಾಯಿಗೂ ದಣಿವುಂಟೆಂಬುದನ್ನು ಮರೆಯಬಾರದು.

ನಮ್ಮ ದೇಶದಲ್ಲಿ ೧೯೯೯ರ ನ್ಯಾಷನಲ್ ಟ್ರಸ್ಟ್ ಶಾಸನವೂ ೨೦೧೬ರ ಅಂಗವಿಕಲರ ಹಕ್ಕುಗಳ ಶಾಸನವೂ ಆಟಿಸಂ ಅನ್ನು ಹೆಸರಿಸಿ ಮನ್ನಿಸಿವೆ. ಮುಂಬಯಿಯಂಥ ನಗರಗಳಲ್ಲಿ ತರಬೇತಿ ಹೊಂದಿದ ನಾಯಿಗಳು ವಿಶೇಷ ಶಾಲೆಗಳಿಗೆ ಹೋಗಿಬಂದಿವೆ. ಯಾರಾದರೂ ಇಂಥ ಸೇವೆಯನ್ನು ನೀಡುವೆವೆಂದು ಬಂದರೆ ತಂದೆತಾಯಿಗಳು ಮೂರು ಪ್ರಶ್ನೆಗಳನ್ನು ಕೇಳಲಿ. ಪ್ರಾಣಿಯ ಜೊತೆಗೆ ಮಕ್ಕಳ ಚಿಕಿತ್ಸೆ ಬಲ್ಲವರು ಇರುತ್ತಾರೆಯೆ? ಪ್ರಾಣಿಗೆ ತರಬೇತಿ, ಲಸಿಕೆ, ವಿಶ್ರಾಂತಿಗಳು ದೊರೆತಿವೆಯೆ? ಮಗುವಿನಲ್ಲಿ ಏನು ಬದಲಾಗಬೇಕೆಂದು ಮೊದಲೇ ಗುರುತಿಟ್ಟು, ಆಮೇಲೆ ಅಳೆದು ನೋಡುತ್ತಾರೆಯೆ? ಖಂಡಿತ ಗುಣಮಾಡುವೆವೆಂದು ಹೇಳುವವರು ಬಂದರೆ, ಅಂಥವರಿಗೆ ಬಾಗಿಲಿನಿಂದಲೇ ನಮಸ್ಕಾರ ಹೇಳಿ ಕಳುಹಿಸುವುದು ಲೇಸು.