ವಿದ್ಯಾರ್ಥಿವೇತನದ ಹಿಂದಿನ ಇತಿಹಾಸ

ಅಮೆರಿಕಕ್ಕೆ ಹೋಗಿ ಸಾರ್ವಜನಿಕ ನೀತಿಯನ್ನು ಓದಿ, ಬಳಿಕ ತಂತ್ರಜ್ಞಾನ ಕ್ಷೇತ್ರದಲ್ಲಿ ದುಡಿಯಬೇಕೆನ್ನುವ ಯುವಜನರ ಮೊದಲ ಪ್ರಶ್ನೆ ಒಂದೇ: ಯಾವ ವಿಶ್ವವಿದ್ಯಾಲಯ ಹೆಚ್ಚು ನೆರವು ಕೊಡುತ್ತದೆ? ಪ್ರಶ್ನೆ ಸಹಜವೇ. ಅಲ್ಲಿನ ಶುಲ್ಕ ಸಾಮಾನ್ಯ ಕುಟುಂಬದ ಕೈಗೆಟಕುವಂಥದ್ದಲ್ಲ. ಆದರೆ ಎರಡು ಮೂರು ಕಡೆಯಿಂದ ನೆರವು ಸಿಕ್ಕಾಗ ಆರಿಸಿಕೊಳ್ಳುವುದು ಹೇಗೆ? ಮೊತ್ತವನ್ನಷ್ಟೇ ಹೋಲಿಸಿದರೆ ಸಾಲದು. ಆ ಹಣ ಎಲ್ಲಿಂದ, ಯಾವ ಉದ್ದೇಶಕ್ಕಾಗಿ ಬಂತು ಎಂಬುದನ್ನೂ ನೋಡಬೇಕು.

ಆಡಳಿತ ಮತ್ತು ಕಂಪ್ಯೂಟರಿನ ನಂಟು ಹೊಸದೇನಲ್ಲ. ಹರ್ಬರ್ಟ್ ಸೈಮನ್ ವಿದ್ಯಾರ್ಥಿಯಾಗಿದ್ದಾಗ ಮಿಲ್ವಾಕಿ ನಗರದ ಉದ್ಯಾನ, ಆಟದ ಮೈದಾನಗಳ ಖರ್ಚುವೆಚ್ಚವನ್ನು ಅಧ್ಯಯನ ಮಾಡಿದರು. ಅಧಿಕಾರಿಗಳು ತೀರ್ಮಾನಕ್ಕೆ ಬರುವುದು ಹೇಗೆ ಎಂಬ ಪ್ರಶ್ನೆ ಅವರನ್ನು ಕಾಡಿತು. 1947ರಲ್ಲಿ ಆಡಳಿತದ ನಡವಳಿಕೆಯ ಬಗ್ಗೆ ಗ್ರಂಥ ಬರೆದರು. ಅದೇ ಪ್ರಶ್ನೆ ಅವರನ್ನು ಕಂಪ್ಯೂಟರಿನ ಬಳಿಗೆ ಕರೆತಂದಿತು. ಅಲೆನ್ ನ್ಯೂವೆಲ್ ಮತ್ತು ಕ್ಲಿಫ್ ಶಾ ಅವರೊಂದಿಗೆ ರೂಪಿಸಿದ, ತರ್ಕದ ಪ್ರಮೇಯಗಳನ್ನು ಸಾಧಿಸುವ ಪ್ರೋಗ್ರಾಂ 1956ರಲ್ಲಿ ರ‍್ಯಾಂಡ್ ಸಂಸ್ಥೆಯ ಯಂತ್ರದಲ್ಲಿ ನಡೆಯಿತು. 1975ರಲ್ಲಿ ಟ್ಯೂರಿಂಗ್ ಪ್ರಶಸ್ತಿ, 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಅವರಿಗೆ ಸಂದವು.

ಸೈಮನ್ ಪಾಠ ಹೇಳುತ್ತಿದ್ದ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್‌ನಲ್ಲಿ 1968ರಲ್ಲಿ ನಗರ ಮತ್ತು ಸಾರ್ವಜನಿಕ ವ್ಯವಹಾರಗಳ ಶಾಲೆ ಆರಂಭವಾಯಿತು. ಅದಕ್ಕೆ ರಿಚರ್ಡ್ ಕಿಂಗ್ ಮೆಲನ್ ದಂಪತಿ 1 ಕೋಟಿ ಡಾಲರ್ ದೇಣಿಗೆ ನೀಡಿದರು. ಇಂದಿನ ಹೈಂಜ್ ಕಾಲೇಜಿನ ಮೂಲ ಇದೇ. ಅಲ್ಲಿ ನೀತಿಯ ಪಾಠವೂ ಮಾಹಿತಿ ತಂತ್ರಜ್ಞಾನದ ಪಾಠವೂ ಒಂದೇ ಸೂರಿನಡಿ ನಡೆಯುತ್ತವೆ.

ರ‍್ಯಾಂಡ್ ಸಂಸ್ಥೆ 1970ರಲ್ಲಿ ಆರಂಭಿಸಿದ ಶಾಲೆಯ ದಾರಿ ಬೇರೆ. ಅಲ್ಲಿನ ಪಿಎಚ್‌.ಡಿ. ವಿದ್ಯಾರ್ಥಿಗಳು ಸಂಸ್ಥೆಯ ಸಂಶೋಧನಾ ಯೋಜನೆಗಳಲ್ಲಿ ದುಡಿದೇ ಕಲಿಯುತ್ತಾರೆ. ಕೈಗೆ ಕೆಲಸ ಹತ್ತುತ್ತದೆ, ನಿಜ. ಆದರೆ ಆ ಯೋಜನೆಗಳಿಗೆ ಹಣ ಕೊಡುವವರು ಸರಕಾರಿ ಇಲಾಖೆಗಳು, ರಕ್ಷಣಾ ಇಲಾಖೆಯೂ ಸೇರಿ. ಯಾವ ಕೆಲಸಕ್ಕೆ ಕೈಜೋಡಿಸುತ್ತೇನೆ ಎಂಬುದನ್ನು ವಿದ್ಯಾರ್ಥಿ ಮೊದಲೇ ಯೋಚಿಸಬೇಕಾಗುತ್ತದೆ.

ಪ್ರಿನ್ಸ್‌ಟನ್‌ನ ಕಥೆ ಇನ್ನೂ ಪಾಠ ಹೇಳುವಂಥದ್ದು. 1961ರಲ್ಲಿ ರಾಬರ್ಟ್‌ಸನ್ ದಂಪತಿ ತಮ್ಮ ಹೆಸರು ಹೇಳದೆ ಅಲ್ಲಿನ ನೀತಿ ಶಾಲೆಗೆ 3.5 ಕೋಟಿ ಡಾಲರ್ ಕೊಟ್ಟರು. ವಿದ್ಯಾರ್ಥಿಗಳನ್ನು ಸರಕಾರಿ ಸೇವೆಗೆ, ಮುಖ್ಯವಾಗಿ ವಿದೇಶಾಂಗ ಕ್ಷೇತ್ರಕ್ಕೆ ಸಜ್ಜುಗೊಳಿಸಬೇಕೆಂಬುದು ಅವರ ಆಶಯ. ಆ ಹಣದ ಬಲದಿಂದ ಎಷ್ಟೋ ವಿದ್ಯಾರ್ಥಿಗಳು ಸಾಲವಿಲ್ಲದೆ ಓದಿದರು. ಆದರೆ ಸರಕಾರಿ ಸೇವೆ ಸೇರಿದವರು ಕಡಿಮೆ, ಹಣ ಬೇರೆಡೆಗೂ ಹರಿಯಿತು ಎಂದು ದಾನಿಗಳ ಕುಟುಂಬ 2002ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ವಿಶ್ವವಿದ್ಯಾಲಯ ಈ ಆರೋಪವನ್ನು ಒಪ್ಪಲಿಲ್ಲ. 2008ರಲ್ಲಿ ರಾಜಿಯಾಯಿತು. ನಿಧಿ ವಿಶ್ವವಿದ್ಯಾಲಯದ ಕೈಯಲ್ಲೇ ಉಳಿಯಿತು; ಸರಕಾರಿ ಸೇವೆಗೆ ಯುವಜನರನ್ನು ಸಿದ್ಧಪಡಿಸುವ ಹೊಸ ಪ್ರತಿಷ್ಠಾನಕ್ಕೆ 5 ಕೋಟಿ ಡಾಲರ್ ಕೊಡಲು ಅದು ಒಪ್ಪಿತು.

ಹಾಗಾದರೆ ಆಯ್ಕೆ ಯಾವುದು? ಕಂಪೆನಿಗಳಲ್ಲಿ ತಾಂತ್ರಿಕ ಕೆಲಸವೇ ಗುರಿಯಾದರೆ, ನೆರವು ತುಸು ಕಡಿಮೆಯಾದರೂ ಕಂಪ್ಯೂಟರ್ ಪಾಠ ಗಟ್ಟಿಯಾಗಿರುವ ಕಡೆ ಹೋಗುವುದು ಲೇಸು. ತಂತ್ರಜ್ಞಾನಕ್ಕೆ ಕಾನೂನಿನ ಅಂಕೆ ಹಾಕುವ ಸರಕಾರಿ ಕೆಲಸ ಬೇಕೆನ್ನುವವರಿಗೆ, ಸಾಲದ ಹೊರೆಯಿಲ್ಲದ ಓದೇ ದೊಡ್ಡ ಬಲ. ಸಾಲ ಹೊತ್ತವನು ಹೆಚ್ಚು ಸಂಬಳದತ್ತ ಓಡಲೇಬೇಕಾಗುತ್ತದೆ. ಸಾಲವಿಲ್ಲದವನಿಗೆ ಮಾತ್ರ ಸಣ್ಣ ಸಂಬಳದ ದೊಡ್ಡ ಕೆಲಸವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿರುತ್ತದೆ. ದಾನದ ನಿಜವಾದ ಬೆಲೆ ಇರುವುದು ಆ ಸ್ವಾತಂತ್ರ್ಯದಲ್ಲಿ. ಅದನ್ನು ಹೇಗೆ ಬಳಸುತ್ತೇವೆ ಎಂಬುದಕ್ಕೆ ಯಾವ ನ್ಯಾಯಾಲಯವೂ ಲೆಕ್ಕ ಕೇಳದು, ನಾವೇ ಕೇಳಿಕೊಳ್ಳಬೇಕು.